ಗ್ಯಾಸ್ ಗೀಸರ್‌ಗೂ ಉಸಿರಾಡೋಕೆ ಗಾಳಿ ಬೇಕು

ಚಳಿ ಶುರುವಾಯ್ತು ಅಂದ್ರೆ ಬಿಸಿನೀರಿನ ಪ್ರಶ್ನೆಗಳು ಸಾಲಾಗಿ ಬರುತ್ವೆ. ಈ ಸಲ ಬಂದಿರೋದ್ರಲ್ಲಿ ಮೂರಕ್ಕೆ ಉತ್ತರ ಕೊಡ್ತಿದೀನಿ. ಮೊದಲನೇದಕ್ಕೆ ಜಾಸ್ತಿ ಜಾಗ ತಗೊಂಡಿದೀನಿ, ಯಾಕಂದ್ರೆ ಅದು ತಡ ಮಾಡೋ ವಿಷಯ ಅಲ್ಲ.

ಪ್ರಶ್ನೆ: ರಾಜಾಜಿನಗರದಲ್ಲಿ ಬಾಡಿಗೆ ಮನೆ ನಮ್ದು, ಬಚ್ಚಲುಮನೆ 4 ಅಡಿಗೆ 6 ಅಡಿ, ಗ್ಯಾಸ್ ಗೀಸರ್ ಒಳಗೇ ಇದೆ. ಚಳಿ ಅಂತ ಕಿಟಕಿ ಮುಚ್ಚಿರ್ತೀವಿ. ಹೋದ ವಾರ ಮಗಳು ತಲೆಸ್ನಾನ ಮಾಡ್ಕೊಂಡು ಬಂದವಳು ತಲೆ ಸುತ್ತುತ್ತೆ, ವಾಂತಿ ಬರೋ ಹಾಗಿದೆ ಅಂತ ಮಲಗಿಬಿಟ್ಲು, ಅರ್ಧ ಗಂಟೆ ಆದ್ಮೇಲೆ ಎದ್ಲು. ಖಾಲಿ ಹೊಟ್ಟೆ, ಪಿತ್ತ ಅಂದ್ರು ನಮ್ಮತ್ತೆ. ಮೆಕ್ಯಾನಿಕ್ ಕೇಳಿದ್ರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಸಾಕು ಅಂತಾರೆ. ಸಾಕಾ ಸರ್?

ಉತ್ತರ: ಸಾಕಾಗಲ್ಲಮ್ಮ. ಇವತ್ತಿಂದಲೇ ಆ ಗೀಸರ್ ಆನ್ ಮಾಡೋದು ನಿಲ್ಲಿಸಿ, ಬೇರೆ ವ್ಯವಸ್ಥೆ ಆಗೋವರೆಗೂ ಅಡುಗೆಮನೆ ಒಲೆ ಮೇಲೇ ನೀರು ಕಾಯಿಸ್ಕೊಳ್ಳಿ, ಕಷ್ಟ ಅಂತ ಗೊತ್ತು, ಆದ್ರೂ ಹಾಗೇ ಮಾಡಿ. ನೀವು ಬರೆದಿರೋ ಲಕ್ಷಣ ಪಿತ್ತದ್ದಲ್ಲ ಅಂತಲೇ ನನ್ನ ಅನುಮಾನ. ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಕುಡಿದ್ರೂ ಹಿಂಗೇ ಆಗುತ್ತೆ: ತಲೆನೋವು, ಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ದಂಗೆ ಆಗೋದು. ಇನ್ನೊಂದು ಹತ್ತು ನಿಮಿಷ ಅವಳು ಒಳಗೇ ಇದ್ದಿದ್ರೆ ಎದ್ದು ಚಿಲಕ ತೆಗೆಯೋಕೂ ಆಗ್ತಿರಲಿಲ್ಲವೇನೋ.

ಲೆಕ್ಕ ಹಾಕಿ ನೋಡಿ. 6 ಲೀಟರಿನ ಗೀಸರ್, ಅಂದ್ರೆ ನಿಮಿಷಕ್ಕೆ 6 ಲೀಟರ್ ನೀರು ಕಾಯಿಸೋದು, ಪೂರ್ತಿ ಉರಿಲಿ ಓಡಿದ್ರೆ 20 ನಿಮಿಷಕ್ಕೆ ಹೆಚ್ಚುಕಮ್ಮಿ ಕಾಲು ಕೆಜಿ ಗ್ಯಾಸ್ ಸುಡುತ್ತೆ. ಒಂದು ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯೋಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು, ಅಂದ್ರೆ ಕಾಲು ಕೆಜಿಗೆ 3. ನಿಮ್ಮ ಬಚ್ಚಲುಮನೆ 9 ಅಡಿ ಎತ್ತರ ಅಂದ್ಕೊಂಡ್ರೂ ಅದರೊಳಗೆ ಇರೋ ಗಾಳಿನೇ 6 ಘನ ಮೀಟರ್! ಒಂದು ತಲೆಸ್ನಾನಕ್ಕೆ ಅರ್ಧ ಗಾಳಿ ಗೀಸರ್‌ಗೇ ಹೋಯ್ತು, ಅದು ಬಿಟ್ಟ ಹೊಗೆನೂ ಅಲ್ಲೇ ಉಳೀತು. ಗಾಳಿ ಕಮ್ಮಿ ಆಗ್ತಾ ಹೋದಂಗೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಅದಕ್ಕೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ಸಿಲಿಂಡರ್ ಲೀಕ್ ಆದಾಗ ಬರೋ ಕೆಟ್ಟ ವಾಸನೆ ಬೇಕಂತಲೇ ಸೇರಿಸಿರೋದು, ಉರಿದ ಮೇಲೆ ಅದೂ ಇರಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಈ ಅನಿಲ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಕೂತ್ಬಿಡುತ್ತೆ, ಬರೀ ಹೊರಗಿನ ಗಾಳಿಲಿ ಉಸಿರಾಡ್ತಾ ಇದ್ರೆ ಅದರಲ್ಲಿ ಅರ್ಧ ಇಳಿಯೋಕೇ 4-5 ಗಂಟೆ ಬೇಕು.

ನಮ್ಮಜ್ಜಿ ಮನೆ ಬಚ್ಚಲಲ್ಲಿ ಹಂಡೆ ಒಲೆ ಇತ್ತು, ಮೇಲೆ ಹೊಗೆ ಹೋಗೋಕೆ ಕಿಂಡಿ. ಅದೇನಾದ್ರೂ ಕಟ್ಕೊಂಡ್ರೆ ಕಣ್ಣು ಉರಿದು ನಾವೇ ಆಚೆ ಓಡಿಬರ್ತಿದ್ವಿ. ಗ್ಯಾಸ್ ಗೀಸರ್ ಹಂಗೆ ಕಣ್ಣು ಉರಿಸಲ್ಲ, ಅದೇ ಅಪಾಯ.

ಈಗ ಎಕ್ಸಾಸ್ಟ್ ಫ್ಯಾನ್ ವಿಷಯ. ಫ್ಯಾನ್ ಗಾಳಿ ಹೊರಗೆ ತಳ್ಳಬೇಕು ಅಂದ್ರೆ ಒಳಗೆ ಗಾಳಿ ಬರೋಕೆ ದಾರಿ ಇರಬೇಕಲ್ವಾ, ನಿಮ್ಮ ಕಿಟಕಿ ಮುಚ್ಚಿದೆ, ಬಾಗಿಲು ನೆಲಕ್ಕೆ ತಾಗ್ಕೊಂಡಿದ್ರೆ ಫ್ಯಾನ್ ಸುಮ್ನೆ ಸದ್ದು ಮಾಡ್ತಿರುತ್ತೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿಮ್ಮ ಥರದ ಗೀಸರ್ ಹತ್ಕೊಳ್ಳೋದು ಎರಡು ಟಾರ್ಚ್ ಸೆಲ್‌ನಿಂದ, ಕರೆಂಟ್ ಹೋದ್ರೂ ಅದು ಉರೀತಾನೇ ಇರುತ್ತೆ, ಫ್ಯಾನ್ ಮಾತ್ರ ನಿಂತಿರುತ್ತೆ. ತಲೆಗೆ ಸೋಪು ಹಾಕ್ಕೊಂಡು ಕಣ್ಣು ಮುಚ್ಚಿರೋ ಮಗುಗೆ ಫ್ಯಾನ್ ನಿಂತಿದ್ದು ಗೊತ್ತಾಗುತ್ತಾ?

ಓನರ್ ಹತ್ರ ಮಾತಾಡಿ ಗೀಸರನ್ನ ಬಚ್ಚಲಿಂದ ಆಚೆ, ಯುಟಿಲಿಟಿಗೋ ತೆರೆದಿರೋ ಬಾಲ್ಕನಿಗೋ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಒಂದು ದಿನದ ಪ್ಲಂಬಿಂಗ್ ಕೆಲಸ ಇದು. ಯುಟಿಲಿಟಿಗೆ ಪೂರ್ತಿ ಗಾಜು ಹಾಕಿಸಿ ಮುಚ್ಚಿದ್ರೆ ಅದೂ ಬಚ್ಚಲೇ, ಅದನ್ನ ಮರೀಬೇಡಿ. ಹೋದ ಡಿಸೆಂಬರಲ್ಲಿ ಹನುಮಂತನಗರದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ, ಬಚ್ಚಲು ಕಿಟಕಿಯ ಗಾಜಿನ ಪಟ್ಟಿಗಳ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿ ನಾಲ್ಕೂ ಕಡೆ ಟೇಪ್ ಹಾಕಿದ್ರು, ಒಂದು ಎಳೆ ಗಾಳಿನೂ ಬರ್ತಿರಲಿಲ್ಲ. ಗೀಸರ್ ಮೇಲ್ಗಡೆ ಗೋಡೆಲಿ ಅಂಗೈ ಅಗಲ ಮಸಿ, ಸಣ್ಣ ಗಾಜಲ್ಲಿ ಬಗ್ಗಿ ನೋಡಿದ್ರೆ ನೀಲಿ ಇರಬೇಕಾದ ಉರಿ ತುದಿಲಿ ಹಳದಿಯಾಗಿ ಅಲ್ಲಾಡ್ತಿತ್ತು. ನಿಂತಲ್ಲೇ ನಲ್ಲಿ ಬಂದ್ ಮಾಡಿ ಹಾಳೆ ಕಿತ್ತುಹಾಕಿದೆ. ಉರಿ ಹಳದಿ ಆದ್ರೆ, ಮಸಿ ಹಿಡಿದ್ರೆ ಬರ್ನರ್ ಸರ್ವಿಸ್ ಆಗೋವರೆಗೂ ಅದನ್ನ ಹಚ್ಚೋ ಹಾಗಿಲ್ಲ. ಹಾಗಂತ ನೀಲಿ ಉರಿ ಇದೆ, ಕಿಟಕಿ ಮುಚ್ಚಬಹುದು ಅಂತಾನೂ ಅಲ್ಲ.

ಹೊಗೆ ಪೈಪ್ ಮತ್ತೆ ಫ್ಯಾನ್ ಒಟ್ಟಿಗೆ ಇರೋ, ಕರೆಂಟ್ ಬೇಕಾಗೋ ಗೀಸರ್ ತಗೊಳ್ತೀರಾದ್ರೆ ಪೈಪ್ ತುದಿ ಬಯಲಿಗೇ ಹೋಗಬೇಕು, ಡಕ್ಟ್‌ಗೋ ಫಾಲ್ಸ್ ಸೀಲಿಂಗ್ ಒಳಗೋ ಬಿಟ್ರೆ ಪಕ್ಕದ ಮನೆಯವರಿಗೆ ಕಷ್ಟ. ಲೈಟ್ ಪಾಯಿಂಟಿಂದ ಎರಡು ವೈರ್ ಎಳೆದು ಕೊಡೋಕೆ ಬಿಡಬೇಡಿ. ಅರ್ತಿಂಗ್ ಇರೋ ಮೂರು ಪಿನ್ನಿನ ಪ್ಲಗ್ಗೇ ಬೇಕು, ನೀರು ಚಿಮ್ಮದ ಜಾಗದಲ್ಲಿರಬೇಕು, ಮನೆ ಬೋರ್ಡಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಇರಬೇಕು.

ಇನ್ನೊಂದು ಸಲ ಯಾರಿಗಾದ್ರೂ ಹಿಂಗಾದ್ರೆ ಮೊದಲು ಬಯಲಿಗೆ ಕರ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ಗ್ಯಾಸ್ ಗೀಸರ್ ಅಂತ ಬಾಯಿಬಿಟ್ಟು ಹೇಳಿ. ಕೋವಿಡ್ ಟೈಮಲ್ಲಿ ತಂದಿಟ್ಟಿರೋ ಬೆರಳಿಗೆ ಸಿಕ್ಕಿಸೋ ಮೀಟರ್ 98 ತೋರಿಸ್ತಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ರಕ್ತದಲ್ಲಿ ಕೂತಿರೋದು ಆಮ್ಲಜನಕನಾ ಈ ವಿಷಾನಾ ಅಂತ ಅದಕ್ಕೆ ಗೊತ್ತಾಗಲ್ಲ. ಮಗಳಿಗೆ ಈಗಲೂ ತಲೆನೋವು, ಮಂಕು ಇದ್ರೆ ತೋರಿಸ್ಲೇಬೇಕು.

ಪ್ರಶ್ನೆ: ಮಗಳ ಬಾಣಂತನಕ್ಕೆ ಜನವರಿಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಹೋಗ್ತಿದೀನಿ. ಅವರ ಮನೆ ಬೇಸ್‌ಮೆಂಟಲ್ಲಿ ಗ್ಯಾಸ್ ಫರ್ನೇಸ್ ಇದೆಯಂತೆ, ಅಳಿಯಂದ್ರು ಅದರ ವೈರಿಂಗ್ ತಾವೇ ಮಾಡ್ತೀನಿ ಅಂತ ಕೂತಿದಾರೆ. ನಂಗೆ ಭಯ. (ಮಲ್ಲೇಶ್ವರದಿಂದ ಒಬ್ಬ ತಾಯಿ)

ಉತ್ತರ: ಅಲ್ಲಿ ಮನೆ ಪೂರ್ತಿ ಬೆಚ್ಚಗಿಡೋದು ಅದೇ ಯಂತ್ರ, ಗ್ಯಾಸ್ ಉರಿಸಿ ಬಿಸಿಗಾಳಿ ಊದುತ್ತೆ. ಹೊಸ ಮಾದರಿ ಆದ್ರೆ ಗೋಡೆಯಿಂದ ಆಚೆಗೆ ಎರಡು ಪ್ಲಾಸ್ಟಿಕ್ ಪೈಪ್ ಬಂದಿರುತ್ತೆ, ಒಂದು ಗಾಳಿ ಎಳ್ಕೊಳ್ಳೋಕೆ, ಇನ್ನೊಂದು ಹೊಗೆ ಬಿಡೋಕೆ. ಹಿಮ ಬಿದ್ದ ದಿನ ಅವೆರಡರ ಬಾಯಿ ಮುಚ್ಚಿಲ್ಲ ಅಂತ ಅಳಿಯಂದ್ರಿಗೆ ನೋಡೋಕೆ ಹೇಳಿ, ಪೈಪ್ ಬಾಯಿ ಹಿಮದ ಮಟ್ಟಕ್ಕಿಂತ ಒಂದಡಿಯಾದ್ರೂ ಮೇಲಿರಬೇಕು. ಫರ್ನೇಸ್ ಹತ್ತಿ ಹತ್ತಿ ಆರ್ತಾ ಇದ್ರೆ ಮೊದಲು ನೋಡೋ ಜಾಗಗಳಲ್ಲಿ ಇದೂ ಒಂದು.

ವೈರಿಂಗ್ ಬಗ್ಗೆ ನಿಮ್ಮ ಭಯ ಸರಿ ಇದೆ. ನಮ್ಮಲ್ಲಿ ಕರಿ ವೈರ್ ಅಂದ್ರೆ ನ್ಯೂಟ್ರಲ್. ಅಲ್ಲಿ ಕರಿ ವೈರಲ್ಲೇ ಕರೆಂಟ್, ಬಿಳಿದು ನ್ಯೂಟ್ರಲ್, ಹಸಿರು ಅಥವಾ ಬರೀ ತಾಮ್ರದ್ದು ಅರ್ತ್! ಇಲ್ಲಿ ಅಭ್ಯಾಸ ಆದ ಕೈ ಅಲ್ಲಿ ತಪ್ಪು ಮಾಡೋಕೆ ಅರೆಕ್ಷಣ ಸಾಕು. ಫರ್ನೇಸ್‌ಗೆ ಅದರದ್ದೇ ಆದ 120 ವೋಲ್ಟಿನ ಲೈನು, ಬ್ರೇಕರ್, ಪಕ್ಕದಲ್ಲೇ ಒಂದು ಸ್ವಿಚ್ ಇರಬೇಕು. ಉರಿ ಹತ್ತಿದ್ಯಾ ಅಂತ ಫರ್ನೇಸ್ ತಿಳ್ಕೊಳ್ಳೋದು ಉರಿ ಮೂಲಕ ಅರ್ತ್‌ಗೆ ಹರಿಯೋ ಒಂದು ತೀರಾ ಸಣ್ಣ ಕರೆಂಟಿಂದ, ಅರ್ತ್ ಸಡಿಲ ಇದ್ರೆ ಹತ್ತಿದ ಕೆಲವೇ ಸೆಕೆಂಡಿಗೆ ಆರಿಹೋಗುತ್ತೆ. ಹಾಗೆ ಆರ್ತಿದೆ ಅಂತ ಫರ್ನೇಸ್ ಸುರಕ್ಷತೆಗೆ ಇರೋ ಬಾಗಿಲ ಸ್ವಿಚ್ಚನ್ನೋ ಪ್ರೆಷರ್ ಸ್ವಿಚ್ಚನ್ನೋ ಟೇಪ್ ಹಾಕಿ ಬೈಪಾಸ್ ಮಾಡೋಕೆ ಹೋಗೋದು ಮಾತ್ರ ಬೇಡವೇ ಬೇಡ. ಗೋಡೆ ಮೇಲಿನ ಥರ್ಮೋಸ್ಟಾಟ್ ವೈರು ಸಾಮಾನ್ಯವಾಗಿ 24 ವೋಲ್ಟು, ಪವರ್ ಆಫ್ ಮಾಡ್ಕೊಂಡು ಅಷ್ಟು ಅವರು ಬದಲಾಯಿಸ್ಲಿ. ಮಿಕ್ಕಿದ್ದನ್ನ ಲೈಸೆನ್ಸ್ ಇರೋರ ಕೈಲಿ ಮಾಡಿಸಿ. ಬಾಣಂತಿ, ಮಗು ಮಲಗೋ ರೂಮಿನ ಹತ್ರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದ್ಯಾ ಅಂತ ಹೋದ ದಿನವೇ ಬಟನ್ ಒತ್ತಿ ನೋಡಿ.

ಪ್ರಶ್ನೆ: ಅಡುಗೆಮನೆಲಿ ಗ್ಯಾಸ್ ಲೀಕ್ ಅಲಾರಂ ಹಾಕಿಸಿದೀನಿ, ಗೀಸರ್‌ಗೂ ಅದೇ ಆಗುತ್ತಾ? ಮುಂದಿನ ತಿಂಗಳು ಪೈಪ್ ಗ್ಯಾಸ್ ಬೇರೆ ಬರ್ತಿದೆ. (ಎಚ್‌ಎಸ್‌ಆರ್ ಲೇಔಟ್)

ಉತ್ತರ: ಆಗಲ್ಲ. ಅದು ಉರಿಯದ ಗ್ಯಾಸ್ ಹಿಡಿಯುತ್ತೆ, ಕಾರ್ಬನ್ ಮಾನಾಕ್ಸೈಡ್‌ಗೆ ಬೇರೆ ಅಲಾರಮ್ಮೇ ಬೇಕು. ಇನ್ನೊಂದು, ಎಲ್‌ಪಿಜಿ ಗಾಳಿಗಿಂತ ಭಾರ ಅಂತ ನೀವು ಅಲಾರಂ ನೆಲದ ಹತ್ರ ಹಾಕಿಸಿರ್ತೀರ, ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಮೇಲೆ ಹೋಗುತ್ತೆ. ಹಾಗಾಗಿ ಆ ಗ್ಯಾಸಿಗೆ ಆಗುತ್ತೆ ಅಂತ ಬರೆದಿರೋ ಅಲಾರಂ ತಂದು ಸೀಲಿಂಗ್ ಹತ್ರ ಹಾಕಿಸಿ. ಎಲ್‌ಪಿಜಿ ಗೀಸರನ್ನ ಹಾಗೇ ಪೈಪ್ ಗ್ಯಾಸಿಗೆ ಜೋಡಿಸೋಕೆ ಬರಲ್ಲ, ಎರಡರ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡೋ ಸಣ್ಣ ತೂತು) ಬೇರೆ ಬೇರೆ. ಕನೆಕ್ಷನ್ ಕೊಡೋಕೆ ಬಂದೋರಿಗೆ ಗೀಸರ್ ಇದೆ ಅಂತ ಮೊದಲೇ ತೋರಿಸಿ, ಅವರು ಬೇಡ ಅಂದ್ರೆ ಒತ್ತಾಯ ಮಾಡಬೇಡಿ.