ಫೋಟೊ ಪ್ರಿಂಟರ್ ಆಫ್ ಮಾಡಬೇಕಾ, ಆನ್‌ನಲ್ಲೇ ಬಿಡಬೇಕಾ?

ಪ್ರಶ್ನೆ: ನನ್ನ ಹತ್ತಿರ ಆರು ಬಣ್ಣದ ಇಂಕ್‌ಜೆಟ್ ಫೋಟೊ ಪ್ರಿಂಟರ್ ಇದೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನಾಲ್ಕೈದು ಫೋಟೊ ಪ್ರಿಂಟ್ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆಫ್ ಮಾಡುವುದು ರೂಢಿ. ಮತ್ತೆ ಆನ್ ಮಾಡಿದಾಗಲೆಲ್ಲ ಒಂದೆರಡು ನಿಮಿಷ ಗುರ್ ಗುರ್ ಅಂತ ಸದ್ದು ಮಾಡಿ ಆಮೇಲೆ ರೆಡಿ ಆಗುತ್ತದೆ, ಇಂಕ್ ಕೂಡ ಇಳಿದ ಹಾಗೆ ಕಾಣುತ್ತದೆ. ಗೆಳೆಯರೊಬ್ಬರು ‘ಫೋಟೊ ಪ್ರಿಂಟರ್ ಯಾವತ್ತೂ ಆಫ್ ಮಾಡಬಾರದು, ಹೆಡ್ ಒಣಗಿಹೋಗುತ್ತದೆ’ ಅನ್ನುತ್ತಾರೆ. ಮನೆಯವರು ‘ಸುಮ್ನೆ ಯಾಕೆ ಕರೆಂಟ್ ಖರ್ಚು’ ಅನ್ನುತ್ತಾರೆ. ಯಾರ ಮಾತು ಸರಿ?
— ಹವ್ಯಾಸಿ ಫೋಟೊಗ್ರಾಫರ್ ಒಬ್ಬರು

ಉತ್ತರ: ಮೊದಲು ಆ ಗೋಡೆಯ ಸ್ವಿಚ್ ವಿಷಯ ಹೇಳಿಬಿಡುತ್ತೇನೆ. ಆನ್ ಇರಬೇಕಾ ಆಫ್ ಇರಬೇಕಾ ಅನ್ನುವುದಕ್ಕಿಂತ ಅದೇ ದೊಡ್ಡದು. ದಯವಿಟ್ಟು ಇವತ್ತಿನಿಂದಲೇ ಆ ರೂಢಿ ಬಿಡಿ. ಆಫ್ ಮಾಡುವುದಾದರೆ ಪ್ರಿಂಟರಿನ ಮೇಲೇ ಇರುವ ಬಟನ್ ಒತ್ತಿ ಆಫ್ ಮಾಡಿ.

ಯಾಕೆ ಅಂತ ಕೇಳಿ. ಪೇಪರಿನ ಮೇಲೆ ಅತ್ತಿತ್ತ ಓಡಾಡಿ ಇಂಕ್ ಹಾರಿಸುವ ಭಾಗವೇ ಪ್ರಿಂಟ್ ಹೆಡ್. ಅದರ ಕೆಳಭಾಗದಲ್ಲಿ ನೂರಾರು ನಾಜಲ್‌ಗಳಿರುತ್ತವೆ, ಒಂದೊಂದೂ ತಲೆಕೂದಲಿಗಿಂತ ಸಣ್ಣ ತೂತು. ಅಲ್ಲಿಂದ ಹಾರುವ ಹನಿಯ ಅಳತೆ ಕೆಲವೇ ಪಿಕೊಲೀಟರ್. ಒಂದು ಪಿಕೊಲೀಟರ್ ಅಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಇಂಕ್‌ನಲ್ಲಿ ಹೆಚ್ಚಿನ ಪಾಲು ನೀರು, ಬೇಗ ಆರದಿರಲಿ ಅಂತ ಗ್ಲಿಸರಿನ್ ಥರದ ದ್ರವವನ್ನೂ ಸೇರಿಸಿರುತ್ತಾರೆ. ಆದರೂ ಗಾಳಿಗೆ ತೆರೆದಿಟ್ಟರೆ ಇಷ್ಟು ಸಣ್ಣ ತೂತಿನ ಬಾಯಲ್ಲಿರುವ ನೀರು ಆರಿ, ಇಂಕ್ ಗಟ್ಟಿಯಾಗಿ, ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೇ ಕೆಲಸವಿಲ್ಲದಾಗ ಹೆಡ್ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಕೆಳಗಿನಿಂದ ರಬ್ಬರ್ ಅಂಚಿನ ಒಂದು ಕ್ಯಾಪ್ ಮೇಲೆದ್ದು ನಾಜಲ್‌ಗಳನ್ನು ಒತ್ತಿ ಮುಚ್ಚುತ್ತದೆ. ಪೆನ್ನಿಗೆ ಮುಚ್ಚಳ ಹಾಕಿದ ಹಾಗೆ. ಬಟನ್ ಒತ್ತಿ ಆಫ್ ಮಾಡಿದಾಗ ಲೈಟ್ ಸ್ವಲ್ಪ ಹೊತ್ತು ಮಿನುಗಿ ಆಮೇಲೆ ಆರುತ್ತದಲ್ವಾ? ಆ ಹೊತ್ತಿನಲ್ಲಿ ಪ್ರಿಂಟರ್ ಹೆಡ್ಡನ್ನು ಜಾಗಕ್ಕೆ ತಂದು ಮುಚ್ಚುವ ಕೆಲಸ ಮುಗಿಸುತ್ತಿರುತ್ತದೆ. ಗೋಡೆಯ ಸ್ವಿಚ್ ಒತ್ತಿದರೆ ಅದಕ್ಕೆ ಅವಕಾಶವೇ ಇಲ್ಲ. ಹೆಡ್ ನಡುದಾರಿಯಲ್ಲಿ ಇದ್ದರೆ ಅಲ್ಲೇ, ಬಾಯಿ ತೆರೆದುಕೊಂಡೇ, ನೀವು ಮುಂದಿನ ಸಲ ಆನ್ ಮಾಡುವ ತನಕ ನಿಂತಿರುತ್ತದೆ.

ಇನ್ನು ನಿಮ್ಮ ಗೆಳೆಯರ ಮಾತು. ಅದು ಅರ್ಧ ಸರಿ. ಪ್ರಿಂಟರ್ ಆನ್ ಇದ್ದು, ಕೆಲಸವಿಲ್ಲದೆ ಸ್ಲೀಪ್‌ಗೆ (ಕಡಿಮೆ ಕರೆಂಟಿನಲ್ಲಿ ಸುಮ್ಮನಿರುವ ಸ್ಥಿತಿಗೆ) ಹೋದಾಗಲೂ ಹೆಡ್ ಅದೇ ಕ್ಯಾಪ್‌ನ ಮೇಲೆ ಕೂತಿರುತ್ತದೆ, ಬಟನ್‌ನಿಂದ ಆಫ್ ಮಾಡಿದಾಗಲೂ ಅಲ್ಲೇ ಕೂತಿರುತ್ತದೆ. ಒಣಗುವ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕರೆಂಟ್ ಹರಿಯುತ್ತಿದ್ದರೆ ನಾಜಲ್ ಒದ್ದೆಯಾಗಿರುತ್ತದೆ ಅನ್ನುವುದು ಬರೀ ನಂಬಿಕೆ.

ವ್ಯತ್ಯಾಸ ಇರುವುದು ಮತ್ತೆ ಆನ್ ಮಾಡುವಾಗ. ನೀವು ಕೇಳಿಸಿಕೊಳ್ಳುವ ಆ ಗುರ್ ಗುರ್ ಸದ್ದಿನಲ್ಲಿ ಒಂದಿಷ್ಟು, ಹೆಡ್ ಅತ್ತಿತ್ತ ಓಡಾಡಿ ತನ್ನ ಜಾಗ ಗುರುತಿಸಿಕೊಳ್ಳುವುದರದ್ದು. ಅದಕ್ಕೆ ಇಂಕ್ ಬೇಡ. ಆದರೆ ಅನೇಕ ಮಾಡೆಲ್‌ಗಳು ಆನ್ ಆದ ಕೂಡಲೇ ಒಂದು ಕ್ಲೀನಿಂಗ್ ಕೂಡ ಮಾಡಿಕೊಳ್ಳುತ್ತವೆ, ಅಂದರೆ ಕ್ಯಾಪ್‌ನ ಕೆಳಗಿರುವ ಪಂಪ್ ನಾಜಲ್‌ಗಳಿಂದ ಇಂಕ್ ಎಳೆದು ಪ್ರಿಂಟರಿನ ಒಳಗೆ ಬೇಡದ ಇಂಕ್ ಹೀರಿಕೊಳ್ಳುವ ವೇಸ್ಟ್ ಇಂಕ್ ಪ್ಯಾಡ್‌ಗೋ ಮೇಂಟೆನೆನ್ಸ್ ಬಾಕ್ಸ್‌ಗೋ ಸುರಿಯುತ್ತದೆ. ಇಲ್ಲಿ ಎರಡು ನಷ್ಟ. ಒಂದು, ಫೋಟೊಗೆ ಹೋಗಬೇಕಾದ ಇಂಕ್ ಪ್ಯಾಡ್‌ಗೆ ಹೋಯಿತು. ಎರಡು, ಪ್ಯಾಡ್ ಬೇಗ ತುಂಬುತ್ತದೆ, ತುಂಬಿದ ದಿನ ಪ್ರಿಂಟರ್ ಕೆಲಸ ನಿಲ್ಲಿಸಿ ಎರರ್ ತೋರಿಸುತ್ತದೆ. ಹಿಂದಿನ ಕ್ಲೀನಿಂಗ್ ಆಗಿ ಎಷ್ಟು ಹೊತ್ತಾಯಿತು ಅಂತ ಕೆಲವು ಪ್ರಿಂಟರ್‌ಗಳು ಲೆಕ್ಕ ಇಟ್ಟುಕೊಳ್ಳುತ್ತವೆ. ಗೋಡೆಯಲ್ಲೇ ಕರೆಂಟ್ ತೆಗೆದರೆ ಕೆಲವು ಮಾಡೆಲ್‌ಗಳಲ್ಲಿ ಆ ಲೆಕ್ಕವೂ ತಪ್ಪಿ, ಬೇಕಿಲ್ಲದಿದ್ದರೂ ಉದ್ದದ ಕ್ಲೀನಿಂಗ್ ನಡೆಯುತ್ತದೆ. ನಿಮ್ಮ ಇಂಕ್ ಇಳಿಯುವುದಕ್ಕೆ ಇದೂ ಕಾರಣ ಇರಬಹುದು.

ಹಾಗಾಗಿ ನನ್ನ ಸಲಹೆ ಇದು. ದಿನಕ್ಕೆ ಹಲವು ಸಲ ಪ್ರಿಂಟ್ ತೆಗೆಯುವವರು ಬೆಳಗ್ಗೆಯಿಂದ ಸಂಜೆ ತನಕ ಆನ್‌ನಲ್ಲೇ ಬಿಡಲಿ, ಒಂದೊಂದು ಫೋಟೊಗೂ ಆನ್-ಆಫ್ ಮಾಡುವಷ್ಟು ಇಂಕ್ ದಂಡ ಮಾಡುವ ಕೆಲಸ ಇನ್ನೊಂದಿಲ್ಲ. ಪಿಗ್ಮೆಂಟ್ ಇಂಕ್‌ನ ದೊಡ್ಡ ಪ್ರಿಂಟರ್ ಇರುವವರೂ ಆನ್‌ನಲ್ಲೇ ಬಿಡುವುದು ಒಳ್ಳೆಯದು. ಡೈ ಇಂಕ್‌ನಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಪಿಗ್ಮೆಂಟ್‌ನಲ್ಲಿ ಬಣ್ಣದ ಸಣ್ಣ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಬಹಳ ದಿನ ಅಲುಗಾಡದೆ ಇದ್ದರೆ ಆ ಕಣಗಳು ತಳಕ್ಕೆ ಇಳಿಯುತ್ತವೆ. ಕೆಲವು ದೊಡ್ಡ ಪ್ರಿಂಟರ್‌ಗಳು ಆಗಾಗ ತಾವೇ ಎದ್ದು ಇಂಕ್ ಕಲಕಿಕೊಳ್ಳುತ್ತವೆ, ಅದಕ್ಕೆ ಕರೆಂಟ್ ಇರಬೇಕು. ನಿಮ್ಮ ಹಾಗೆ ವಾರಕ್ಕೊಮ್ಮೆ ಬಳಸುವವರಿಗೆ ಎರಡೂ ನಡೆಯುತ್ತದೆ, ಆದರೆ ನನ್ನ ಒಲವು ಸ್ಲೀಪ್ ಕಡೆಗೆ. ಆನ್ ಮಾಡಿದಾಗಲೆಲ್ಲ ಉದ್ದಕ್ಕೆ ಕ್ಲೀನಿಂಗ್ ಮಾಡುವ ಮಾಡೆಲ್ ಆದರಂತೂ ಸ್ಲೀಪ್‌ನಲ್ಲೇ ಇರಲಿ. ಸೆಟ್ಟಿಂಗ್‌ನಲ್ಲಿ ಆಟೊ ಪವರ್ ಆಫ್ ಅಂತ ಒಂದು ಆಯ್ಕೆ ಇದ್ದರೆ ನೋಡಿ, ನಿಮಗೆ ಗೊತ್ತಿಲ್ಲದೆ ಅದೇ ಪ್ರಿಂಟರನ್ನು ಆಫ್ ಮಾಡುತ್ತಿರಬಹುದು.

ಇಷ್ಟೆಲ್ಲ ಹೇಳಿದರೂ ಹೆಡ್ಡನ್ನು ನಿಜವಾಗಿ ಉಳಿಸುವುದು ಪ್ರಿಂಟ್ ಮಾಡುವುದು. ವಾರಕ್ಕೆ ಒಂದು ಸಲವಾದರೂ ಎಲ್ಲ ಬಣ್ಣಗಳೂ ನಾಜಲ್ ದಾಟಿ ಹೊರಗೆ ಬರಬೇಕು. ‘ಎಲ್ಲ’ ಅನ್ನುವುದನ್ನು ಗಮನಿಸಿ. ಒಂದು ಪುಟ ಕಪ್ಪು ಅಕ್ಷರ ಪ್ರಿಂಟ್ ಮಾಡಿದರೆ ಉಳಿದ ಐದು ಬಣ್ಣ ಹೆಚ್ಚುಕಮ್ಮಿ ಸುಮ್ಮನೆ ಕೂತಿರುತ್ತವೆ. ಆರು ಬಣ್ಣದ ಅನೇಕ ಪ್ರಿಂಟರ್‌ಗಳಲ್ಲಿ ತಿಳಿ ಸಯಾನ್ (ತಿಳಿ ನೀಲಿ), ತಿಳಿ ಮಜೆಂಟಾ (ತಿಳಿ ಗುಲಾಬಿ) ಅಂತ ಎರಡು ಇರುತ್ತವಲ್ಲ, ಅವು ಆಕಾಶ, ಮುಖದ ಚರ್ಮ ಇಂಥ ತೆಳು ಬಣ್ಣದ ಜಾಗಗಳಲ್ಲಿ ಕೆಲಸ ಮಾಡುತ್ತವೆ. ಪ್ರಿಂಟ್ ಮಾಡುವ ಫೋಟೊ ಇಲ್ಲದ ವಾರ ನಾಜಲ್ ಚೆಕ್ ಪ್ರಿಂಟ್, ಅಂದರೆ ನಾಜಲ್‌ಗಳನ್ನು ಪರೀಕ್ಷಿಸಲು ಪ್ರಿಂಟರ್ ತಾನೇ ಕೊಡುವ ಗೆರೆಗಳ ಹಾಳೆ ತೆಗೆಯಿರಿ. ಅದರಲ್ಲಿ ಎಲ್ಲ ಬಣ್ಣವೂ ಬರುತ್ತದೆ, ಕ್ಲೀನಿಂಗ್‌ಗೆ ಹೋಲಿಸಿದರೆ ಅದಕ್ಕೆ ಬೇಕಾಗುವ ಇಂಕ್ ತೀರಾ ಕಡಿಮೆ, ಮೇಲಾಗಿ ಯಾವ ಗೆರೆ ಕಡಿದಿದೆ ಅಂತ ಕಣ್ಣಿಗೇ ಕಾಣುತ್ತದೆ.

ಎಸಿ ಗಾಳಿ, ಫ್ಯಾನ್ ಗಾಳಿ, ಬಿಸಿಲು ನೇರ ಬೀಳುವ ಕಡೆ ಪ್ರಿಂಟರ್ ಇಡಬೇಡಿ. ಪೇಪರ್ ಟ್ರೇ ಮುಚ್ಚಿಡಿ, ಧೂಳು ಒಳಗೆ ಹೋಗಬಾರದು. ಉಳಿದ ಫೋಟೊ ಪೇಪರನ್ನೂ ಅದರ ಕವರಿಗೇ ವಾಪಸ್ ಹಾಕಿ. ಪ್ರಿಂಟ್ ಆಗುತ್ತಿರುವಾಗಲೇ ಕರೆಂಟ್ ಹೋದರೆ, ಬಂದ ಕೂಡಲೇ ಆನ್ ಮಾಡಿ. ಹೆಡ್ ತನ್ನ ಜಾಗಕ್ಕೆ ಹೋಗಿ ಕೂರಲಿ, ಆಮೇಲೆ ಬೇಕಿದ್ದರೆ ಬಟನ್‌ನಿಂದ ಆಫ್ ಮಾಡಿ. ಗುಡುಗು ಮಿಂಚಿನ ಭಯಕ್ಕೆ ಪ್ಲಗ್ ಕೀಳಲೇಬೇಕು ಅಂದರೂ ಅಷ್ಟೇ: ಮೊದಲು ಬಟನ್, ಲೈಟ್ ಪೂರ್ತಿ ಆರಿದ ಮೇಲೆ ಪ್ಲಗ್.

ಪ್ರಶ್ನೆ: ಎರಡು ತಿಂಗಳು ಮುಟ್ಟದೆ ಇದ್ದ ಪ್ರಿಂಟರಿನಲ್ಲಿ ಈಗ ಫೋಟೊ ತುಂಬ ಬಿಳಿ ಗೆರೆ. ಹೆಡ್ ಕ್ಲೀನಿಂಗ್ ಮೇಲಿಂದ ಮೇಲೆ ಮಾಡಿದರೂ ಹೋಗಲಿಲ್ಲ. ಇನ್ನೂ ಮಾಡಲಾ?
— ಓದುಗರೊಬ್ಬರು

ಉತ್ತರ: ನಿಲ್ಲಿಸಿ. ಮೂರು ಸಲ ಮಾಡಿದ ಮೇಲೂ ಸರಿಹೋಗದಿದ್ದರೆ ನಾಲ್ಕನೆಯದರಿಂದ ಸರಿಹೋಗುವ ಸಾಧ್ಯತೆ ಕಡಿಮೆ. ಜೋರಾಗಿ ಎಳೆದಷ್ಟೂ ಕೆಲವೊಮ್ಮೆ ಗಾಳಿಗುಳ್ಳೆ ಸೇರಿಕೊಂಡು ಪರಿಸ್ಥಿತಿ ಕೆಡುವುದೂ ಉಂಟು. ಬಟನ್‌ನಿಂದ ಆಫ್ ಮಾಡಿ ಕನಿಷ್ಠ 12 ಗಂಟೆ ಸುಮ್ಮನೆ ಬಿಡಿ. ಎಪ್ಸನ್ ಕಂಪನಿ ತನ್ನ ಟ್ಯಾಂಕ್ ಪ್ರಿಂಟರ್‌ಗಳ (ಕಾರ್ಟ್ರಿಜ್ ಬದಲು ಟ್ಯಾಂಕಿಗೆ ಇಂಕ್ ತುಂಬುವಂಥವು) ಕೈಪಿಡಿಯಲ್ಲೂ ಇದನ್ನೇ ಹೇಳುತ್ತದೆ. ಆ ಹೊತ್ತಿನಲ್ಲಿ ಕ್ಯಾಪ್‌ನ ಒದ್ದೆಗೆ ಗಟ್ಟಿಯಾದ ಇಂಕ್ ಮೆತ್ತಗಾಗುತ್ತದೆ, ಗುಳ್ಳೆಗಳೂ ಅಡಗುತ್ತವೆ. ಆಮೇಲೆ ಮೊದಲು ನಾಜಲ್ ಚೆಕ್, ಬೇಕಿದ್ದರೆ ಮಾತ್ರ ಒಂದು ಕ್ಲೀನಿಂಗ್.

ಈ ನಾಜಲ್ ಚೆಕ್ ಹಾಳೆಗಳನ್ನು ಎಸೆಯಬೇಡಿ, ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಲ ಅದೇ ಜಾಗದಲ್ಲೇ ಗೆರೆ ಕಡಿದಿದ್ದರೆ ಅಲ್ಲಿ ಇಂಕ್ ಒಣಗಿ ಕೂತಿದೆ. ಸಲಕ್ಕೊಂದು ಜಾಗದಲ್ಲಿ ಕಡಿಯುತ್ತಿದ್ದರೆ ಅದು ಹೆಚ್ಚಾಗಿ ಗಾಳಿಯ ಕೆಲಸ. ಗಾಳಿಗೆ ಕಾಯುವುದೇ ಮದ್ದು. ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಪವರ್ ಕ್ಲೀನಿಂಗ್ ಅಂತ ಇನ್ನೂ ಜೋರಿನ ಕ್ಲೀನಿಂಗ್ ಒಂದು ಇದೆ. ಅದು ಇಂಕ್ ಬಹಳ ಕುಡಿಯುತ್ತದೆ, ಟ್ಯಾಂಕ್‌ಗಳಲ್ಲಿ ಮೂರರಲ್ಲಿ ಒಂದು ಭಾಗವಾದರೂ ಇಂಕ್ ಇಲ್ಲದೆ ಅದನ್ನು ಶುರು ಮಾಡಲೇಬಾರದು. ಕೊನೆಯ ದಾರಿ ಅಂತ ಇಟ್ಟುಕೊಳ್ಳಿ.

ಕ್ಯಾಪನ್ನೂ ಒಮ್ಮೆ ನೋಡಿ. ಅದರ ರಬ್ಬರ್ ಅಂಚಿನಲ್ಲಿ ಒಣಗಿದ ಇಂಕ್ ಅಥವಾ ಒಂದು ಕೂದಲು ಸಿಕ್ಕಿಕೊಂಡಿದ್ದರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಆಗ ಪ್ರಿಂಟರ್ ಆನ್ ಇಟ್ಟರೂ ಆಫ್ ಇಟ್ಟರೂ ಹೆಡ್ ಒಣಗುತ್ತದೆ. ಈ ಕೆಲಸಕ್ಕೆ ಮಾತ್ರ, ಹೆಡ್ ಕ್ಯಾಪ್ ಬಿಟ್ಟು ಸರಿದಿರುವಾಗಲೇ ಪ್ಲಗ್ ತೆಗೆದು, ಎಳೆ ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ ಹಿಂಡಿ, ಆ ಅಂಚನ್ನು ಮೆಲ್ಲಗೆ ಒರೆಸಿ. ಮುಗಿದ ತಕ್ಷಣ ಮತ್ತೆ ಆನ್ ಮಾಡಿ ಹೆಡ್ ಮನೆ ಸೇರಲಿ. ಹೆಡ್‌ನ ಮುಖಕ್ಕೆ ಮಾತ್ರ ಪಿನ್ನು, ಬ್ರಷ್ಷು ಏನೂ ತಾಗಿಸಬೇಡಿ. ಇನ್ನೊಂದು ಮಾತು: ಕ್ಯಾನನ್, ಎಚ್‌ಪಿ ಇಂಕ್‌ಜೆಟ್‌ಗಳು ಇಂಕನ್ನು ಬಿಸಿ ಮಾಡಿ ಹಾರಿಸುತ್ತವೆ. ಅಲ್ಲಿ ನಾಜಲ್‌ಗೆ ಇಂಕ್ ಬರದೇ ಇದ್ದರೂ ಪುಟದ ಮೇಲೆ ಪುಟ ಪ್ರಿಂಟ್ ಕೊಡುತ್ತಾ ಹೋದರೆ ಹೆಡ್ ಸುಟ್ಟುಹೋಗಬಹುದು. ಗೆರೆ ಕಂಡರೆ ಪ್ರಿಂಟ್ ನಿಲ್ಲಿಸಿ, ಮೊದಲು ನಾಜಲ್ ಚೆಕ್ ಮಾಡಿ.

ಪ್ರಶ್ನೆ: ಸ್ಲೀಪ್‌ನಲ್ಲಿ ಬಿಟ್ಟರೆ ವರ್ಷಕ್ಕೆ ಎಷ್ಟು ಕರೆಂಟ್ ಹೋಗುತ್ತದೆ?

ಉತ್ತರ: ಈಗಿನ ಮನೆಬಳಕೆಯ ಇಂಕ್‌ಜೆಟ್‌ಗಳು ಸ್ಲೀಪ್‌ನಲ್ಲಿ ಸುಮಾರು 1 ವಾಟ್ ಆಸುಪಾಸು ತೆಗೆದುಕೊಳ್ಳುತ್ತವೆ. ವರ್ಷಕ್ಕೆ 8,760 ಗಂಟೆ, ಅಂದರೆ 1 ವಾಟ್‌ಗೆ 9 ಯುನಿಟ್‌ಗೂ ಸ್ವಲ್ಪ ಕಡಿಮೆ. 1.5 ವಾಟ್ ಆದರೆ 13 ಯುನಿಟ್. ನಿಮ್ಮ ಮಾಡೆಲ್‌ನ ಸ್ಲೀಪ್ ವಾಟ್ ಎಷ್ಟು ಅಂತ ಕೈಪಿಡಿಯ ಕೊನೆಯ ಪುಟಗಳಲ್ಲಿ ಇರುತ್ತದೆ, ಅದನ್ನು 8.76ರಿಂದ ಗುಣಿಸಿದರೆ ವರ್ಷದ ಯುನಿಟ್ ಸಿಗುತ್ತದೆ. ಆ ಲೆಕ್ಕವನ್ನು ಒಂದು ಸೆಟ್ ಫೋಟೊ ಇಂಕ್‌ನ ಖರ್ಚಿನ ಪಕ್ಕ ಇಟ್ಟು ನೋಡಿದರೆ ಮನೆಯವರನ್ನು ಒಪ್ಪಿಸುವುದು ಕಷ್ಟವಾಗಲಾರದು.

ಪ್ರಶ್ನೆ: ಮೂರು ತಿಂಗಳು ಮನೆಯಲ್ಲಿ ಇರುವುದಿಲ್ಲ. ಕಾರ್ಟ್ರಿಜ್‌ಗಳನ್ನು ತೆಗೆದಿಟ್ಟು ಹೋಗಲಾ?

ಉತ್ತರ: ತೆಗೆಯಬೇಡಿ. ತೆಗೆದರೆ ಇಂಕ್ ಬರುವ ದಾರಿಗೆ ಗಾಳಿ ಹೋಗುತ್ತದೆ, ಆ ಬಾಯಿಗಳೂ ಒಣಗುತ್ತವೆ. ಹೊರಡುವ ದಿನ ಒಂದು ನಾಜಲ್ ಚೆಕ್ ತೆಗೆದು ಎಲ್ಲ ಗೆರೆ ಸರಿ ಇದೆ ಅಂತ ನೋಡಿ, ಬಟನ್‌ನಿಂದ ಆಫ್ ಮಾಡಿ, ಧೂಳು ಕೂರದಂತೆ ಹೊದಿಸಿ. ಮನೆಯಲ್ಲಿ ಯಾರಾದರೂ ಇದ್ದರೆ ಹದಿನೈದು ದಿನಕ್ಕೊಮ್ಮೆ ಆನ್ ಮಾಡಿ ಒಂದು ನಾಜಲ್ ಚೆಕ್ ತೆಗೆಯಲು ಹೇಳಿ.

ಯಾರೂ ಇರುವುದಿಲ್ಲ ಅಂದರೆ, ಇಂಟರ್‌ನೆಟ್ ಮೂಲಕ ದೂರದಿಂದ ಪ್ರಿಂಟ್ ಕೊಡುವ ಸೌಲಭ್ಯ ನಿಮ್ಮ ಮಾಡೆಲ್‌ನಲ್ಲಿ ಇದೆಯಾ ಅಂತ ನೋಡಿ. ಇದ್ದರೆ ಆಫ್ ಮಾಡದೆ ಸ್ಲೀಪ್‌ನಲ್ಲೇ ಬಿಟ್ಟು, ಟ್ರೇಯಲ್ಲಿ ಹದಿನೈದು ಸಾದಾ ಹಾಳೆ ಇಟ್ಟು, ವೈಫೈ ಆನ್ ಇರಿಸಿ ಹೋಗಿ. ಎಲ್ಲ ಬಣ್ಣದ ಪಟ್ಟಿಗಳಿರುವ ಒಂದು ಪುಟವನ್ನು ಫೋನಿನಲ್ಲಿ ಇಟ್ಟುಕೊಂಡು ವಾರಕ್ಕೊಮ್ಮೆ ಅಲ್ಲಿಂದಲೇ ಕಳಿಸಿದರೆ ಆಯಿತು. ಇದನ್ನು ಹೊರಡುವುದಕ್ಕೆ ಮೊದಲೇ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಮ್ಮೆ ಕಳಿಸಿ ಪರೀಕ್ಷೆ ಮಾಡಿಕೊಳ್ಳಿ.