ಓದುಗರ ಪ್ರಶ್ನೆ: ಮನೆಬಾಗಿಲಿಗೆ ಬರುವ ಪ್ರೊಮೊತೋರಾ

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿರುವ ನನ್ನ ಮಗಳು ಅಲ್ಲಿನ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಬಡಾವಣೆಗಳಲ್ಲಿ ‘ಪ್ರೊಮೊತೋರಾ’ ಎಂಬ ಕಾರ್ಯಕರ್ತೆಯರ ಜೊತೆ ಮನೆಮನೆ ಸುತ್ತಿ, ಕ್ಯಾನ್ಸರ್ ತಪಾಸಣೆಯ ಬಗ್ಗೆ ತಿಳಿಸುತ್ತಾಳೆ. ವೈದ್ಯರು ಹೇಳಬೇಕಾದುದನ್ನು ವೈದ್ಯಕೀಯ ಓದದವರಿಂದ ಹೇಳಿಸಿದರೆ ಪ್ರಯೋಜನವುಂಟೆ? ಆ ಜನ ಎಲ್ಲವನ್ನೂ ಹಣೆಬರಹಕ್ಕೆ ಬಿಟ್ಟು ಆಸ್ಪತ್ರೆಗೆ ಹೋಗುವುದಿಲ್ಲ ಎನ್ನುತ್ತಾರಲ್ಲ, ನಿಜವೆ?
— ಓದುಗರು, ಶಿವಮೊಗ್ಗ

ಉತ್ತರ: ಪ್ರಯೋಜನವುಂಟು, ಅದನ್ನು ಅಳೆದೂ ನೋಡಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯನ್ನು ಬಲ್ಲವರಿಗೆ ಪ್ರೊಮೊತೋರಾ ಹೊಸಬಳೇನಲ್ಲ. ಅವಳು ಅದೇ ಬಡಾವಣೆಯವಳು, ಅದೇ ಸ್ಪ್ಯಾನಿಷ್ ಮಾತನಾಡುವವಳು. ತರಬೇತಿ ಪಡೆದಿದ್ದಾಳೆ, ಆದರೆ ನರ್ಸ್ ಅಲ್ಲ. ಮೆಕ್ಸಿಕೊ ಮೂಲದ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಹೆಚ್ಚಿಸಲು ರೂಪಿಸಿದ ‘ಅಮೀಗಾಸ್’, ಅಂದರೆ ಗೆಳತಿಯರು, ಎಂಬ ಕಾರ್ಯಕ್ರಮವನ್ನು ಟೆಕ್ಸಾಸ್‌ನ ಎಲ್ ಪಾಸೊ, ಹ್ಯೂಸ್ಟನ್ ಮತ್ತು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ 600ಕ್ಕೂ ಹೆಚ್ಚು ಮಹಿಳೆಯರ ನಡುವೆ ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರೊಮೊತೋರಾ ವಿಡಿಯೊ ಮತ್ತು ಚಿತ್ರಪುಟಗಳೊಡನೆ ಕುಳಿತು ಮಾತನಾಡಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆರು ತಿಂಗಳೊಳಗೆ, ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡರು; ಇವಾವುದೂ ಸಿಗದ ಗುಂಪಿನಲ್ಲಿ ಹಾಗೆ ಮಾಡಿಸಿಕೊಂಡವರು ಸುಮಾರು ಕಾಲುಭಾಗ ಮಾತ್ರ. ಒಳ ಉಡುಪು ತೆಗೆದು ಮಲಗಬೇಕಾದ ಪರೀಕ್ಷೆಯ ಬಗ್ಗೆ, ಗಂಡ ಏನೆಂದುಕೊಂಡಾನು ಎಂಬ ಅಳುಕಿನ ಬಗ್ಗೆ, ಹತ್ತು ನಿಮಿಷದಲ್ಲಿ ಎದ್ದುಹೋಗುವ ವೈದ್ಯರೆದುರು ಬಾಯಿ ಬಿಡದವಳು ಅಡುಗೆಮನೆಯ ಮೇಜಿನೆದುರು ಬಿಡುತ್ತಾಳೆ.

ಹಣೆಬರಹದ ಮಾತಿಗೆ ಬರೋಣ. ಸಂಶೋಧಕರು ಇದನ್ನು ‘ಫಾತಾಲಿಸ್ಮೊ’ ಎಂದು ಕರೆದು ಬಹಳ ಬರೆದಿದ್ದಾರೆ. ನನಗೇನೋ ಇದರಲ್ಲಿ ದೊಡ್ಡ ಭಾಗ ಹೊರಗಿನವರ ಸೋಮಾರಿ ವಿವರಣೆಯೆಂದೇ ತೋರುತ್ತದೆ. ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ಅಮೆರಿಕದಲ್ಲೇ ಅತಿ ಹೆಚ್ಚಿರುವ ರಾಜ್ಯ ಟೆಕ್ಸಾಸ್. ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್ ಅನ್ನು ವಿಸ್ತರಿಸಲು ಆ ರಾಜ್ಯ ಒಪ್ಪಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಲ್ಲದ ಊರಿನಿಂದ ಹೊರಟು, ಕಾಗದಪತ್ರ ಕೇಳಿಯಾರೆಂಬ ಭಯದಲ್ಲಿ ಕಾದು, ಕೊನೆಗೆ ರೋಗವಿದೆ ಎಂದು ತಿಳಿದರೂ ಚಿಕಿತ್ಸೆಗೆ ಹಣವಿಲ್ಲದವಳು ‘ದೇವರಿಟ್ಟ ಹಾಗಾಗಲಿ’ ಎಂದರೆ ಅದು ಲೆಕ್ಕ ಹಾಕಿ ಆಡಿದ ಮಾತೂ ಆಗಿರಬಹುದು. ಆದ್ದರಿಂದಲೇ ಒಳ್ಳೆಯ ಕಾರ್ಯಕ್ರಮಗಳಲ್ಲಿ ಪ್ರೊಮೊತೋರಾ ತಿಳಿವಳಿಕೆ ಹೇಳಿ ಎದ್ದು ಬರುವುದಿಲ್ಲ; 1990ರ ಕಾಯಿದೆಯಿಂದ ಹುಟ್ಟಿದ, ವಿಮೆಯಿಲ್ಲದ ಬಡ ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಒದಗಿಸುವ ರಾಷ್ಟ್ರೀಯ ಯೋಜನೆ ಸಮೀಪದಲ್ಲಿ ಎಲ್ಲಿ ಸಿಗುತ್ತದೆಂದು ಹುಡುಕಿ, ದಿನ ಗೊತ್ತುಮಾಡಿಸಿ, ಬೇಕಾದರೆ ಜೊತೆಗೂ ಹೋಗುತ್ತಾಳೆ.

ಪ್ರಶ್ನೆ: ‘ಸಮುದಾಯದೊಡನೆ ಸಂಶೋಧನಾ ಸಹಭಾಗಿತ್ವ’ ಎಂಬುದು ಕೇಳಲು ಚೆನ್ನಾಗಿದೆ. ಜನರಿಂದ ರಕ್ತ, ಮಾಹಿತಿ ತೆಗೆದುಕೊಳ್ಳುವುದಕ್ಕೆ ಇಟ್ಟ ಹೊಸ ಹೆಸರಷ್ಟೇ ಅಲ್ಲವೆ?
— ಓದುಗರು, ಮೈಸೂರು

ಉತ್ತರ: ಕೆಲವೆಡೆ ಅಷ್ಟೇ. ನಿಮ್ಮ ಅನುಮಾನಕ್ಕೆ ಅಲ್ಲಿ ಗಟ್ಟಿ ಇತಿಹಾಸವೂ ಇದೆ. ಕಾರ್ನೀಲಿಯಸ್ ರೋಡ್ಸ್ ಎಂಬ ಅಮೆರಿಕದ ವೈದ್ಯ 1931ರಲ್ಲಿ ಅಮೆರಿಕದ ಆಡಳಿತದ ಕೆರಿಬಿಯನ್ ದ್ವೀಪವಾದ ಪೋರ್ಟೊರಿಕೊದಲ್ಲಿದ್ದಾಗ, ಅಲ್ಲಿನ ರೋಗಿಗಳನ್ನು ಕೊಂದು, ಕೆಲವರಿಗೆ ಕ್ಯಾನ್ಸರ್ ಕಸಿ ಮಾಡಿದ್ದೇನೆಂದು ಪತ್ರವೊಂದರಲ್ಲಿ ಬರೆದಿದ್ದ. ಪತ್ರ ಬಯಲಾದಾಗ ತಮಾಷೆಗೆ ಬರೆದದ್ದೆಂದ. ವಿಚಾರಣೆಯಲ್ಲಿ ಕೊಲೆಗೆ ಸಾಕ್ಷ್ಯ ಸಿಗಲಿಲ್ಲ. ಆತ ಮುಂದೆ ನ್ಯೂಯಾರ್ಕ್‌ನ ಪ್ರಸಿದ್ಧ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ನಿರ್ದೇಶಕನಾದ, ಅವನ ಹೆಸರಿನಲ್ಲಿ ಕ್ಯಾನ್ಸರ್ ಸಂಶೋಧಕರ ಸಂಘ ಪ್ರಶಸ್ತಿಯನ್ನೂ ಕೊಡುತ್ತಿತ್ತು. ಪೋರ್ಟೊರಿಕೊದವರು ಆಕ್ಷೇಪಿಸಿದ ಮೇಲೆ, 2003ರಲ್ಲಿ ಆ ಹೆಸರನ್ನು ಕಿತ್ತುಹಾಕಲಾಯಿತು. ಇಂಥದ್ದನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರ ಮುಂದೆ ಒಪ್ಪಿಗೆಪತ್ರ ಚಾಚಿ, ಇಲ್ಲಿ ಸಹಿ ಹಾಕಿ ಎಂದರೆ ಹಾಕಿಯಾರೆ?

ಸಹಭಾಗಿತ್ವ ನಿಜವೋ ಅಲ್ಲವೋ ಎಂದು ತಿಳಿಯಲು ಯಾವ ಪ್ರಶ್ನೆಯನ್ನು ಸಂಶೋಧಿಸಬೇಕೆಂದು ತೀರ್ಮಾನಿಸಿದವರು ಯಾರು, ಅನುದಾನದಲ್ಲಿ ಸ್ಥಳೀಯ ಸಂಘಕ್ಕೆ ಎಷ್ಟು ಬಂತು, ಫಲಿತಾಂಶ ಮೊದಲು ಆ ಬೀದಿಗೆ ಬಂತೋ ಸಂಶೋಧನಾ ಪತ್ರಿಕೆಗೆ ಹೋಯಿತೋ ಎಂದು ವಿಚಾರಿಸಿ. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೆರವಿನಿಂದ ಆರಂಭವಾಗಿ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಿಂದ ಅಮೆಲಿ ರಮಿರೆಜ್ ಅವರು ಮುನ್ನಡೆಸಿದ ‘ರೇದೆಸ್ ಎನ್ ಆಕ್ಸಿಯೋನ್’ ಜಾಲವು ಸಂಶೋಧಕರನ್ನೂ ಸ್ಥಳೀಯ ಸಂಘಟನೆಗಳನ್ನೂ ಹೆಣೆಯುವುದರ ಜೊತೆಗೆ ಲ್ಯಾಟಿನೊ ಯುವ ಸಂಶೋಧಕರನ್ನು ಬೆಳೆಸುವ ಕೆಲಸವನ್ನೂ ಮಾಡಿತು. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಮುಖ್ಯ. ಅಂದಹಾಗೆ, ಸಂಶೋಧನೆಗೆ ಒಳಪಡುವವರೂ ಸಂಶೋಧಕರೇ ಎಂಬ ಈ ವಿಚಾರಕ್ಕೆ ರೂಪ ಕೊಟ್ಟವರಲ್ಲಿ ಕೊಲಂಬಿಯದ ಸಮಾಜಶಾಸ್ತ್ರಜ್ಞ ಒರ್ಲಾಂಡೊ ಫಾಲ್ಸ್ ಬೊರ್ದಾ ಪ್ರಮುಖರು. ಲ್ಯಾಟಿನ್ ಅಮೆರಿಕದ ಸರಕನ್ನೇ ಅಮೆರಿಕದ ವಿಶ್ವವಿದ್ಯಾಲಯಗಳು ಲ್ಯಾಟಿನೊಗಳಿಗೆ ಮರಳಿಸುತ್ತಿವೆ.

ಪ್ರಶ್ನೆ: ಲ್ಯಾಟಿನೊಗಳಲ್ಲಿ ಬಿಳಿಯರಿಗಿಂತ ಕ್ಯಾನ್ಸರ್ ಕಡಿಮೆ ಎಂದು ಓದಿದೆ. ಹಾಗಿದ್ದರೆ ಇಷ್ಟೆಲ್ಲ ಏಕೆ?
— ಓದುಗರು, ಧಾರವಾಡ

ಉತ್ತರ: ಒಟ್ಟು ಲೆಕ್ಕದಲ್ಲಿ ಕಡಿಮೆ ಎಂಬುದು ನಿಜ. ಆದರೆ ಸೋಂಕಿನಿಂದ ಬರುವ ಜಠರ, ಯಕೃತ್ತು ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಅವರಲ್ಲಿ ಹೆಚ್ಚು, ಮೊದಲೆರಡಂತೂ ಸುಮಾರು ಇಮ್ಮಡಿ. ಇವು ಲಸಿಕೆ, ಔಷಧಿ, ತಪಾಸಣೆಗಳಿಂದ ಬಹುಮಟ್ಟಿಗೆ ತಡೆಯಬಹುದಾದ ಕ್ಯಾನ್ಸರ್‌ಗಳೇ. ಜೊತೆಗೆ, 2020ರ ಜನಗಣತಿಯ 6.2 ಕೋಟಿ ಜನರನ್ನು ಒಂದೇ ಹೆಸರಿನಡಿ ಸೇರಿಸಿದ ಸರಾಸರಿ ಅದು. ಮಯಾಮಿಯ ಕ್ಯೂಬನ್ನರು, ನ್ಯೂಯಾರ್ಕ್‌ನ ಪೋರ್ಟೊರಿಕನ್ನರು, ಯಾಕಿಮಾದ ಸೇಬು ತೋಟಗಳ ಮೆಕ್ಸಿಕನ್ ಕೂಲಿಗಳು ಎಲ್ಲರೂ ಅದರೊಳಗಿದ್ದಾರೆ. ಇವರಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಹೆಚ್ಚು ಎಂಬುದನ್ನು ಆಯಾ ಊರಿನಲ್ಲೇ ಹೋಗಿ ಕೇಳಬೇಕಾಗುತ್ತದೆ.