ಮೊದಲು ‘ದ ಸಬರ್ಬ್ಸ್’ ಕೇಳಿ

ಪ್ರಶಸ್ತಿ ಗೆದ್ದ, ವಿಮರ್ಶಕರೂ ಮೆಚ್ಚಿದ ಇಂಡಿ (ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದ) ಆಲ್ಬಮ್‌ಗಳಲ್ಲಿ ಮೊದಲು ಯಾವುದು ಕೇಳಲಿ ಅಂತ ಕೇಳಿದ್ದೀರಿ. ನನ್ನ ಮತ ಕೆನಡಾದ ಬ್ಯಾಂಡ್ ಆರ್ಕೇಡ್ ಫೈರ್‌ನ ‘ದ ಸಬರ್ಬ್ಸ್’ಗೆ. 2010ರಲ್ಲಿ ಬಂತು. ಅಮೆರಿಕದಲ್ಲಿ ಹೊರತಂದದ್ದು ಮರ್ಜ್ ಅನ್ನೋ ಸ್ವತಂತ್ರ ಕಂಪನಿ. 2011ರ ಗ್ರ್ಯಾಮಿಯಲ್ಲಿ ಎಮಿನೆಮ್, ಲೇಡಿ ಗಾಗಾ ಅಂಥವರನ್ನೆಲ್ಲ ಹಿಂದೆ ಹಾಕಿ ವರ್ಷದ ಆಲ್ಬಮ್ ಆಯಿತು. ‘ಯಾರಪ್ಪ ಇವರು?’ ಅಂತ ಜನ ಆನ್‌ಲೈನ್‌ನಲ್ಲಿ ಕೇಳಿದ್ದೇ ಕೇಳಿದ್ದು!

ಒಟ್ಟು 16 ಹಾಡು, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಶಫಲ್ ಮಾತ್ರ ಹಾಕಬೇಡಿ, ಹಾಡುಗಳನ್ನು ಕ್ರಮವಾಗೇ ಕೇಳಿ. ಲವಲವಿಕೆಯ ಪಿಯಾನೊ ಜೊತೆ ಶುರುವಾಗುವ ಮೊದಲ ಹಾಡೇ ಕೊನೆಯಲ್ಲಿ ಮತ್ತೆ ಬರುತ್ತದೆ, ಆದರೆ ಮೆಲ್ಲಗೆ, ಯಾರೋ ದೂರದಲ್ಲಿ ಗುನುಗಿದ ಹಾಗೆ. ನಡುವೆ ಒಂದೆರಡು ಹಾಡು ಎಳೆದಂತೆ ಅನ್ನಿಸಬಹುದು, ನನಗೂ ಅನ್ನಿಸಿತ್ತು.

ಅಬ್ಬರ ಇಷ್ಟವಿಲ್ಲ ಅಂದ್ರೆ ಅಮೆರಿಕದ ಬ್ಯಾಂಡ್ ಬಾನ್ ಇವೇರ್‌ನ ಮೊದಲ ಆಲ್ಬಮ್ ಹಿಡಿಯಿರಿ. ಅದರ ಬಹುಪಾಲನ್ನು ವಿಸ್ಕಾನ್ಸಿನ್‌ನ ಕಾಡಿನ ಮನೆಯೊಂದರಲ್ಲಿ, ಚಳಿಗಾಲದಲ್ಲಿ, ಗಾಯಕ ಜಸ್ಟಿನ್ ವರ್ನನ್ ಒಬ್ಬರೇ ರೆಕಾರ್ಡ್ ಮಾಡಿದ್ದು. ಹೆಡ್‌ಫೋನ್‌ನಲ್ಲೇ ಕೇಳಿ.